ಊಜಿ

ಮೊನ್ನೆ ಚಂದ್ರಂಕಿಯಿಂದ, ಅಂದ್ರೆ ರೇಷ್ಮೆ ಹುಳ ಗೂಡು ಕಟ್ಟೋ ತಟ್ಟಿಯಿಂದ, ಗೂಡು ಬಿಡಿಸ್ತಾ ಕೂತಿದ್ವಿ, ಅಮ್ಮ ಒಂದನ್ನ ಎತ್ತಿ ಬೆಳಕಿಗೆ ಹಿಡಿದು "ಊಜಿ ಕಣೋ" ಅಂತ ಪಕ್ಕಕ್ಕೆ ಎಸೆದ್ಲು. ಒಂದು ತುದೀಲಿ ಮೊಳೆ ಹೊಡೆದಂಗೆ ದುಂಡಗೆ ತೂತು. ತೂತು ಬಿತ್ತು ಅಂದ್ರೆ ಮುಗೀತು, ಒಂದೇ ಎಳೇಲಿ ಬಿಚ್ಚಬೇಕಾದ ನೂಲು ಎಲ್ಲೆಲ್ಲೋ ತುಂಡಾಗಿರುತ್ತೆ, ನೂಲು ತೆಗೆಯೋ ರೀಲರ್ ಮುಟ್ಟಲ್ಲ.

ತಮಿಳುನಾಡು ಗಡಿಯೊಳಗಿನ ನಮ್ಮ ಡೆಂಕಣಿಕೋಟೆ ಕಡೆ ರೇಷ್ಮೆ ಹುಳ ಸಾಕೋರಿಗೆ ಊಜಿ ನೊಣ ಅಂದ್ರೆ ಮಾರಮ್ಮನಷ್ಟೇ ಪರಿಚಯ. ತಮಿಳಲ್ಲಿ ಸೂಜಿಗೆ ಊಸಿ ಅಂತಾರಲ್ಲ, ತೂತು ಕೊರೆಯುತ್ತೆ ಅಂತ ಆ ಹೆಸರು ಬಂದಿರ್ಬೇಕು ಅಂದ್ಕೊಂಡಿದ್ದೆ ಇಷ್ಟು ವರ್ಷ. ನೋಡಿದ್ರೆ ಜಪಾನಿ ಪದವಂತೆ, ನೊಣದ ಮರಿಹುಳಕ್ಕೆ ಅಲ್ಲಿ ಉಜಿ ಅಂತಾರೆ! ವಿಜ್ಞಾನದೋರು ಇದನ್ನ ಎಕ್ಸೊರಿಸ್ಟಾ ಅನ್ನೋ ಕುಲಕ್ಕೆ ಸೇರಿಸಿದ್ದಾರೆ, ನಮ್ಮದು ಎಕ್ಸೊರಿಸ್ಟಾ ಬಾಂಬಿಸಿಸ್. ಕರ್ನಾಟಕಕ್ಕೆ ಬಂದಿದ್ದೇ 1980ರಲ್ಲಿ, ಪಶ್ಚಿಮ ಬಂಗಾಳದ ಗೂಡಿನ ಜೊತೆ. ಅಲ್ಲಿಂದ ಗಡಿ ದಾಟೋಕೆ ಅದಕ್ಕೇನು ಚೆಕ್‌ಪೋಸ್ಟಾ.

ನೊಣ ಹುಳದ ಮೈ ಮೇಲೆ ಸುಣ್ಣದ ಚುಕ್ಕೆಯಂಥ ಮೊಟ್ಟೆ ಅಂಟಿಸಿ ಹೋಗುತ್ತೆ, ಎರಡ್ಮೂರು ದಿನಕ್ಕೆ ಮರಿ ಒಡೆದು ಚರ್ಮ ಕೊರ್ಕೊಂಡು ಒಳಗೆ. ಆಮೇಲೆ ಅಲ್ಲೊಂದು ಕರಿ ಕಲೆ ಬೀಳುತ್ತೆ, ಅದನ್ನ ನಾನು ಬರೀ ಗಾಯ ಅಂದ್ಕೊಂಡಿದ್ದೆ. ಗಾಯ ಹೌದು, ಆದ್ರೆ ಒಳಗಿರೋದಕ್ಕೆ ಅದೇ ಕಿಟಕಿ, ಹಿಂಭಾಗ ಅಲ್ಲಿಗೆ ಕೊಟ್ಕೊಂಡು ಅದರಿಂದಾನೇ ಉಸಿರಾಡ್ತಾ ಮುಂದಿನ ಬಾಯಲ್ಲಿ ತಿಂತಾ ಇರುತ್ತೆ. ಬೈಕೊಂಡೇ ಹೇಳ್ತೀನಿ, ತಲೆ ಇದೆ ಅದಕ್ಕೆ.

ಬೇಗ ಹತ್ತಿದ್ರೆ ಹುಳ ಗೂಡು ಕಟ್ಟೋ ಮೊದ್ಲೇ ಸಾಯುತ್ತೆ. ಕೊನೇ ಜ್ವರ (ಹುಳ ಪೊರೆ ಕಳಚೋ ನಿದ್ದೆ) ಎದ್ಮೇಲೆ, ಹಣ್ಣಾಗೋ ಹೊತ್ತಿಗೆ, ಅಂದ್ರೆ ಗೂಡು ಕಟ್ಟೋಕೆ ತಯಾರಾಗೋವಾಗ ಹತ್ತಿದ್ರೆ ಇನ್ನೂ ಹೊಟ್ಟೆ ಉರಿ, ಸೊಪ್ಪೆಲ್ಲ ತಿಂದು ಗೂಡೂ ಕಟ್ಟುತ್ತೆ, ಆಮೇಲೆ ತೂತು.

ಸೊಳ್ಳೆ ಪರದೆ ಥರ ನೈಲಾನ್ ಬಲೆ ಕಟ್ಟಿದೀವಿ, ಆದ್ರೆ ಸೊಪ್ಪು ತಗೊಂಡು ಒಳಗೆ ಹೋಗೋವಾಗ ಬಾಗಿಲ ಪರದೆ ಸರಿಯಾಗಿ ಬಿಡದೇ ಇರೋನು ನಾನೇ ಅಂತ ಅಪ್ಪನ ಕಂಪ್ಲೇಂಟು. ಊಜಿಯ ಮರಿ ನೊಣ ಆಗೋ ಮೊದ್ಲು ಸೇರ್ಕೊಳ್ಳೋ ಕೋಶದೊಳಗೇ ಮೊಟ್ಟೆ ಇಡೋ ನೆಸೋಲಿಂಕ್ಸ್ ಅನ್ನೋ ಪುಟಾಣಿ ಕಣಜಾನೂ ಇದೆ, ಪರಾವಲಂಬಿಗೇ ಪರಾವಲಂಬಿ, ಮುಂದಿನ ಬೆಳೆಗೆ ತಂದು ಬಿಡ್ಬೇಕು.

ನೆಲದ ಬಿರುಕಲ್ಲಿ ಸಿಕ್ಕಿದ ಒಂದು ಕೆಂಪು-ಕಂದು ಕೋಶಾನ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೆ, ನೊಣ ಬರೋದು ನೋಡೋಣ ಅಂತ. ನಾಲ್ಕನೇ ದಿನ ಅಮ್ಮ ಕಡ್ಡಿ ಹುಡುಕ್ತಾ ಅದನ್ನ ತೆಗೆದು ನೋಡಿ, ಪೊಟ್ಟಣದ ಸಮೇತ ಒಲೆಗೆ ಹಾಕಿದ್ಲು.