ತಣ್ಣಗಾದಷ್ಟೂ ರೋಧ ಇಳಿಯಬೇಕಲ್ವಾ ಸಾರ್?

ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಭೌತವಿಜ್ಞಾನ ಪಾಠ ಮಾಡುವ ನನಗೆ ವರ್ಷವೂ ಎದುರಾಗುವ ಪ್ರಶ್ನೆ ಇದು: "ಸಾರ್, ಲೋಹ ತಣ್ಣಗಾದಷ್ಟೂ ಅದರ ವಿದ್ಯುತ್ ರೋಧ ಇಳೀಬೇಕು. ಆದ್ರೆ ತಾಮ್ರದಲ್ಲಿ ಚೂರು ಕಬ್ಬಿಣ ಸೇರಿದ್ರೆ ಇಳಿದು ಮತ್ತೆ ಏರುತ್ತೆ ಅಂತೀರಲ್ಲ, ಹೆಂಗೆ?"

ತಾಮ್ರ, ಕಬ್ಬಿಣದ ನಂಟು ನಮ್ಮೂರಿಗೆ ಹೊಸದಲ್ಲ. ಇಲ್ಲೇ ಇಂಗಳದಾಳ್ ಗಣಿಯಲ್ಲಿ ತೆಗೆಯುತ್ತಿದ್ದ ತಾಮ್ರದ ಅದಿರು ಚಾಲ್ಕೊಪೈರೈಟ್‌ನಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಆದರೆ ಈ ಪ್ರಶ್ನೆಯಲ್ಲಿರುವುದು ಶುದ್ಧ ತಾಮ್ರದ ಸಾವಿರಾರು ಪರಮಾಣುಗಳ ನಡುವೆ ಎಲ್ಲೋ ಒಂದು ಕಬ್ಬಿಣದ ಪರಮಾಣು.

ಸಾಮಾನ್ಯ ಕಲ್ಮಶವಾದರೆ ಕಥೆ ಸರಳ. ತಣಿದಂತೆ ಪರಮಾಣುಗಳ ಕಂಪನ ಅಡಗಿ ರೋಧ ಇಳಿಯುತ್ತದೆ, ಕೊನೆಗೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆದರೆ 1934ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಚಿನ್ನದ ರೋಧ ಅಳೆದವರಿಗೆ ಅದು ತಳ ಮುಟ್ಟಿ ಮತ್ತೆ ಏರುವುದು ಕಂಡಿತು. ಕಾರಣ ತಿಳಿಯಲು 30 ವರ್ಷ ಬೇಕಾಯಿತು. 1964ರಲ್ಲಿ ಜಪಾನಿನ ಭೌತವಿಜ್ಞಾನಿ ಜುನ್ ಕೊಂಡೊ ಆ ಒಗಟನ್ನು ಬಿಡಿಸಿದರು.

ಕಬ್ಬಿಣದ ಪರಮಾಣುವಿಗೆ ತನ್ನದೇ ಸ್ಪಿನ್ (ಪುಟ್ಟ ಕಾಂತದಂಥ ಗುಣ) ಇದೆ, ಅದು ಮಗುಚಬಲ್ಲದು. ಬಂದ ಎಲೆಕ್ಟ್ರಾನ್ ಅದರೊಡನೆ ಸ್ಪಿನ್ ಅದಲುಬದಲು ಮಾಡಿಕೊಂಡು ಹೋದರೆ, ಮುಂದಿನ ಎಲೆಕ್ಟ್ರಾನಿಗೆ ಸಿಗುವುದು ಮೊದಲಿನ ಕಬ್ಬಿಣವಲ್ಲ. ಹಿಂದಿನದು ಏನು ಮಾಡಿಹೋಯಿತು ಎಂಬುದು ಈಗ ಲೆಕ್ಕಕ್ಕೆ ಬರುತ್ತದೆ. ನನಗಂತೂ ಇಡೀ ವಿಷಯದ ಜೀವ ಇಲ್ಲೇ ಇದೆ. ಸಾಮಾನ್ಯ ಕಲ್ಮಶದಲ್ಲಿ, ಎರಡು ಬಗೆಯ ಅನುಕ್ರಮದಲ್ಲಿ ನಡೆಯುವ ಚದುರುವಿಕೆಯ (ಎಲೆಕ್ಟ್ರಾನ್ ಕಲ್ಮಶಕ್ಕೆ ತಗುಲಿ ದಿಕ್ಕು ಬದಲಿಸುವುದರ) ಲೆಕ್ಕ ಕೂಡಿದಾಗ ತೊಡಕಿನ ಭಾಗ ವಜಾ ಆಗಿಬಿಡುತ್ತದೆ. ಸ್ಪಿನ್ ಮಗುಚುವಾಗ ಯಾವುದು ಮೊದಲು ಎಂಬುದು ಮುಖ್ಯವಾದ್ದರಿಂದ ಅದು ವಜಾ ಆಗದೆ, ಉಷ್ಣತೆಯ ಲಾಗರಿದಮ್ ಆಗಿ ಉಳಿಯುತ್ತದೆ. ಎಲೆಕ್ಟ್ರಾನ್ ಸ್ಪಿನ್ನೂ ಕಬ್ಬಿಣದ ಸ್ಪಿನ್ನೂ ಎದುರುಬದುರಾಗಿರಲು ಬಯಸುವ ಲೋಹಗಳಲ್ಲಿ, ತಣಿದಷ್ಟೂ ಅದು ಬೆಳೆಯುತ್ತದೆ. ಇಳಿಯುವ ಕಂಪನದ ಪಾಲು, ಏರುವ ಈ ಪಾಲು ಕೂಡಿದಲ್ಲೇ ಆ ತಳ.

ಚುರುಕಾದ ಮಕ್ಕಳು ಅಲ್ಲಿಗೇ ಬಿಡುವುದಿಲ್ಲ: "ಹಾಗಾದ್ರೆ ಸೊನ್ನೆ ಕೆಲ್ವಿನ್‌ನಲ್ಲಿ ಅಂದ್ರೆ ತಣ್ಣಗಾಗೋಕೆ ಸಾಧ್ಯವಿರೋ ಕೊನೇ ಮಟ್ಟದಲ್ಲಿ, ರೋಧ ಅನಂತವಾ?" ಅಲ್ಲ. ಒಂದು ಉಷ್ಣತೆಯ ಕೆಳಗೆ ಕೊಂಡೊ ಅವರ ಸೂತ್ರವೇ ಕೆಲಸ ಮಾಡುವುದಿಲ್ಲ. ಅಲ್ಲಿ ಎಲೆಕ್ಟ್ರಾನ್‌ಗಳೆಲ್ಲ ಕೂಡಿ ಕಬ್ಬಿಣದ ಸ್ಪಿನ್ನನ್ನು ಸುತ್ತುವರಿದು ಮರೆಮಾಡುತ್ತವೆ, ರೋಧದ ಏರಿಕೆ ನಿಲ್ಲುತ್ತದೆ. 1975ರಲ್ಲಿ ಅಮೆರಿಕದ ಭೌತವಿಜ್ಞಾನಿ ಕೆನೆತ್ ವಿಲ್ಸನ್ ಇದನ್ನು ಕಂಪ್ಯೂಟರ್ ಲೆಕ್ಕದಿಂದ ಖಚಿತಪಡಿಸಿದರು. ತಾಮ್ರದಲ್ಲಿ ಕಬ್ಬಿಣವಿದ್ದರೆ ಆ ಉಷ್ಣತೆ ಸುಮಾರು 30 ಕೆಲ್ವಿನ್. ಮ್ಯಾಂಗನೀಸ್ ಇದ್ದರೆ ಒಂದು ಕೆಲ್ವಿನ್‌ಗಿಂತಲೂ ಎಷ್ಟೋ ಕೆಳಗೆ.