ಆನ್ಸಿಬಲ್ ಹಾಕುವ ಮುನ್ನ ಸರ್ವರ್‌ನ ಪೈಥಾನ್ ನೋಡಿ

ಶಿವಮೊಗ್ಗದ ಲ್ಯಾಬ್‌ನಲ್ಲಿ ಆನ್ಸಿಬಲ್ (ಒಂದೇ ಯಂತ್ರದಿಂದ ಹಲವು ಸರ್ವರ್‌ಗಳನ್ನು ಸಜ್ಜುಗೊಳಿಸುವ ಸಾಧನ) ತರಬೇತಿ ಇಡುವುದಾದರೆ, ಮೊದಲು ತಿಳಿಯಬೇಕಾದದ್ದು ಎದುರಿನ ಸರ್ವರ್‌ಗಳಲ್ಲಿ ಯಾವ ಪೈಥಾನ್ ಇದೆ ಎಂಬುದು. ಯಾವ ಆನ್ಸಿಬಲ್ ವರ್ಷನ್ ಎಂಬುದು ತೀರ್ಮಾನವಾಗುವುದು ಅಲ್ಲಿ. ಲ್ಯಾಪ್‌ಟಾಪ್ ಎಷ್ಟು ಹೊಸದಾದರೂ ಲೆಕ್ಕಕ್ಕಿಲ್ಲ.

ಆನ್ಸಿಬಲ್‌ನ ಮೂಲ ಪ್ಯಾಕೇಜ್ ಆದ ಆನ್ಸಿಬಲ್-ಕೋರ್ 2.16 ಸರ್ವರ್ ಕಡೆ ಪೈಥಾನ್ 2.7 ಮತ್ತು 3.6ರ ಜೊತೆಗೂ ಹೊಂದಿಕೊಳ್ಳುತ್ತದೆ. 2.17 ಇವೆರಡನ್ನೂ ಕೈಬಿಟ್ಟಿತು. 2.18ಕ್ಕೆ ಸರ್ವರ್‌ನಲ್ಲಿ ಕನಿಷ್ಠ 3.8, ಆನ್ಸಿಬಲ್ ಓಡಿಸುವ ನಿಮ್ಮ ಕಂಟ್ರೋಲ್ ಯಂತ್ರದಲ್ಲಿ 3.11 ಬೇಕು.

ಪೆಟ್ಟು ಬೀಳುವುದು ರಾಕಿ ಅಥವಾ ಆಲ್ಮಾ ಲಿನಕ್ಸ್ 8ರಲ್ಲಿ. ಅದರ ಸಿಸ್ಟಂ ಪೈಥಾನ್ 3.6. 2.17ರಿಂದ ಪ್ಲೇಬುಕ್ (ಮಾಡಬೇಕಾದ ಕೆಲಸಗಳನ್ನು ಬರೆದ ಫೈಲ್) ಓಡಿಸಿದರೆ 'ಫ್ಯೂಚರ್ ಫೀಚರ್ ಅನೊಟೇಶನ್ಸ್ ಈಸ್ ನಾಟ್ ಡಿಫೈನ್ಡ್' ಎಂಬ ಸಿಂಟ್ಯಾಕ್ಸ್ ಎರರ್. ಪ್ಲೇಬುಕ್‌ನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗದು, ಅದು ಅಲ್ಲಿಲ್ಲ. ಸರ್ವರ್‌ಗೆ ಪೈಥಾನ್ 3.9 ಹಾಕಿ ಆನ್ಸಿಬಲ್ ಬಳಸುವ ಇಂಟರ್‌ಪ್ರಿಟರ್ ಅದಕ್ಕೆ ಬದಲಿಸಿದರೆ ಕಾಪಿ, ಫೈಲ್ ಮಾಡ್ಯೂಲ್‌ಗಳೇನೋ (ಮಾಡ್ಯೂಲ್ ಎಂದರೆ ಒಂದೊಂದು ಕೆಲಸಕ್ಕಿರುವ ಸಿದ್ಧ ಕೋಡ್) ನಡೆಯುತ್ತವೆ. ಪ್ಯಾಕೇಜ್ ಹಾಕುವ ಡಿಎನ್ಎಫ್ ಮಾಡ್ಯೂಲ್ ಮಾತ್ರ ಮತ್ತೆ ಕೈಕೊಡುತ್ತದೆ: ಅದಕ್ಕೆ ಬೇಕಾದ ಲೈಬ್ರರಿ ಇರುವುದು 3.6ಕ್ಕೆ, ಮಾಡ್ಯೂಲ್ ತಾನಾಗಿಯೇ ಅಲ್ಲಿಗೆ ಜಿಗಿದು ಅದೇ ಎರರ್‌ಗೆ ಬೀಳುತ್ತದೆ. ಹಳೇ ಯಂತ್ರ ಉಳಿಸಲೇಬೇಕಿದ್ದರೆ 2.16ಕ್ಕೆ ಬೇರೆ ವರ್ಚುವಲ್ ಎನ್ವಿರಾನ್ಮೆಂಟ್ (ಪೈಥಾನ್ ಪ್ಯಾಕೇಜ್‌ಗಳಿಗೆ ಪ್ರತ್ಯೇಕ ಜಾಗ) ಇಡಿ. ಆದರೆ ಅದರ ಬೆಂಬಲ 2025ರ ಮೇಯಲ್ಲೇ ಮುಗಿದಿದೆ. ಸರ್ವರ್ ಅನ್ನು ರಾಕಿ ಅಥವಾ ಆಲ್ಮಾ 9ಕ್ಕೆ ಏರಿಸುವುದೇ ಸರಿ.

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆಯ ನೆಟ್‌ವರ್ಕ್ ನಂಬಿ ಕ್ಲಾಸ್ ಶುರು ಮಾಡಬೇಡಿ. ಪಿಪ್ ಡೌನ್‌ಲೋಡ್‌ನಿಂದ ಪ್ಯಾಕೇಜ್‌ಗಳನ್ನು, ಆನ್ಸಿಬಲ್-ಗ್ಯಾಲಕ್ಸಿ ಕಲೆಕ್ಷನ್ ಡೌನ್‌ಲೋಡ್‌ನಿಂದ ಕಲೆಕ್ಷನ್‌ಗಳನ್ನು (ಮಾಡ್ಯೂಲ್‌ಗಳ ಕಟ್ಟುಗಳು) ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಇಳಿಸುವ ಯಂತ್ರದ ಪೈಥಾನ್ ಮತ್ತು ಓಎಸ್, ಹಾಕುವ ಯಂತ್ರದ್ದೇ ಆಗಿರಲಿ. ಕ್ರಿಪ್ಟೋಗ್ರಫಿ, ಪೈಯಾಮಲ್‌ನಂಥವು ಬೇರೆ ಕಡೆಯಿಂದ ತಂದರೆ ಕೂರುವುದಿಲ್ಲ. ಉಬುಂಟು 24.04ರಲ್ಲಿ ವರ್ಚುವಲ್ ಎನ್ವಿರಾನ್ಮೆಂಟ್ ಇಲ್ಲದೆ ಪಿಪ್ ಹಾಕಲು ಬಿಡುವುದೂ ಇಲ್ಲ.

ಮಾಡ್ಯೂಲ್ ಕಲಿಸುವಾಗ, ಕಮಾಂಡ್‌ಗಳನ್ನು ನೇರ ಓಡಿಸುವ ಶೆಲ್ ಕೊನೆಗಿರಲಿ. ಅದನ್ನು ಮೊದಲು ಕಲಿತವರು ಎಲ್ಲದಕ್ಕೂ ಅದನ್ನೇ ಬಳಸುತ್ತಾರೆ. ಎಕೋ ಮಾಡಿ ಕಾನ್ಫಿಗ್ ಫೈಲ್‌ಗೆ ಒಂದು ಸಾಲು ಸೇರಿಸುವ ಟಾಸ್ಕ್ ಬರೆಸಿ, ಮೂರು ಸಲ ಓಡಿಸಿ: ಸಾಲು ಮೂರಾಗುತ್ತದೆ. ಅದನ್ನೇ ಲೈನ್‌ಇನ್‌ಫೈಲ್ ಮಾಡ್ಯೂಲ್‌ನಲ್ಲಿ ಬರೆಸಿದರೆ ಒಂದೇ ಉಳಿಯುತ್ತದೆ, ಎರಡನೇ ಸಲದಿಂದ ಬದಲಾವಣೆಗಳ ಎಣಿಕೆಯಾದ 'ಚೇಂಜ್ಡ್' ಸೊನ್ನೆ. ಪ್ಲೇ ನಡುವೆ ಕರೆಂಟ್ ಹೋಗುವ ನಮ್ಮ ಕಡೆ ಇದು ಬರೀ ಥಿಯರಿಯಲ್ಲ. ಹೀಗೆ ಬರೆದ ಪ್ಲೇಬುಕ್ ಅನ್ನು ಕರೆಂಟ್ ಬಂದ ಮೇಲೆ ಮೊದಲಿನಿಂದಲೇ ಓಡಿಸಬಹುದು. ನಡುವಿನಿಂದ ಹಿಡಿಯಲು ಸ್ಟಾರ್ಟ್-ಅಟ್-ಟಾಸ್ಕ್ ಬಳಸಿದರೆ, ಹಿಂದಿನ ಟಾಸ್ಕ್‌ಗಳ ಫಲಿತಾಂಶ ಹಿಡಿದಿಡಲು ರಿಜಿಸ್ಟರ್ ಮಾಡಿದ ವೇರಿಯಬಲ್‌ಗಳು ಇರುವುದೇ ಇಲ್ಲ.

ಮಾಡ್ಯೂಲ್‌ನ ಆಯ್ಕೆಗಳನ್ನು ನೋಡಲು ಆನ್ಸಿಬಲ್-ಡಾಕ್ ಕಮಾಂಡ್ ಸಾಕು. ನೆಟ್ ಬೇಡ, ಹಾಕಿದ ವರ್ಷನ್‌ನದ್ದನ್ನೇ ತೋರಿಸುತ್ತದೆ.