ತೆರಿಗೆ ರಸೀದಿಯಲ್ಲಿ ಇಲ್ಲದ ಸಾಲು

ಏಪ್ರಿಲ್ ತಿಂಗಳಲ್ಲಿ ಶೇ. 5ರ ರಿಯಾಯಿತಿ ಇರುವಾಗಲೇ ಆಸ್ತಿ ತೆರಿಗೆ ಕಟ್ಟಿ ಮುಗಿಸುವುದು ನಮ್ಮ ಮನೆಯ ಹಳೆಯ ರೂಢಿ. ಈ ಸಲ ರಸೀದಿಯನ್ನು ಕಡತಕ್ಕೆ ಸೇರಿಸುವ ಮೊದಲು ಒಮ್ಮೆ ಪೂರ್ತಿ ಓದಿದೆ. ತೆರಿಗೆ 2,400 ರೂಪಾಯಿ. ಅದರ ಮೇಲೆ ಶೇ. 15ರಂತೆ ಆರೋಗ್ಯ ಕರ 360, ಶೇ. 6ರಂತೆ ಗ್ರಂಥಾಲಯ ಕರ 144, ಶೇ. 3ರಂತೆ ಭಿಕ್ಷುಕರ ಕರ 72. ನಮ್ಮ ಹವ್ಯಾಸಿ ನಾಟಕ ತಂಡದ ಹಿರಿಯ ನಟರೊಬ್ಬರಿಗೆ ಅದನ್ನು ತೋರಿಸಿದಾಗ, "ನಮ್ಮ ಪಾಲೇನಾದರೂ ಇದ್ದರೆ ಈ ಕೊನೆಯ ಸಾಲಿನಲ್ಲೇ ಇರಬೇಕು ನೋಡಪ್ಪ" ಎಂದು ನಕ್ಕರು.

ಗ್ರಂಥಾಲಯ ಕರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸಿತು. 1965ರಲ್ಲಿ, ಈ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದಲ್ಲಿ ಬಂದ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯು, ಪುಸ್ತಕ ಓದುವ ಅನುಕೂಲವನ್ನು ಯಾವುದೇ ಅಧ್ಯಕ್ಷರ ಅಥವಾ ಅಧಿಕಾರಿಯ ಔದಾರ್ಯಕ್ಕೆ ಬಿಡದೆ, ಊರಿನ ತೆರಿಗೆಯೊಂದಿಗೇ ಗಂಟು ಹಾಕಿತು. ಸಂಗ್ರಹಿಸಿದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ಸಕಾಲದಲ್ಲಿ ದಾಟಿಸುವುದಿಲ್ಲ ಎಂಬ ದೂರು ಇಂದಿಗೂ ಇದೆ, ನಿಜ. ಆದರೂ ಬಾಕಿ ಎಂದು ಕೇಳುವುದಕ್ಕಾದರೂ ಅಲ್ಲಿ ಒಂದು ಲೆಕ್ಕವಿದೆ. ನಾಟಕ, ಸಂಗೀತ, ಬಯಲಾಟ, ಚಿತ್ರಕಲೆಗಳಿಗೆ ಅಂಥ ಲೆಕ್ಕವೇ ಇಲ್ಲದಿರುವುದರಿಂದ ಬಾಕಿಯ ಪ್ರಶ್ನೆಯೂ ಏಳುವುದಿಲ್ಲ.

ಇದು ಸ್ಥಳೀಯ ಸಂಸ್ಥೆಗಳ ಕೆಲಸವೇ ಅಲ್ಲ ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಪಂಚಾಯಿತಿಗಳಿಗಾಗಿ 29 ವಿಷಯಗಳ ಹನ್ನೊಂದನೆಯ ಅನುಸೂಚಿಯನ್ನೂ, ನಗರ ಸಂಸ್ಥೆಗಳಿಗಾಗಿ 18 ವಿಷಯಗಳ ಹನ್ನೆರಡನೆಯ ಅನುಸೂಚಿಯನ್ನೂ ಸೇರಿಸಿದವು. ಸಾಂಸ್ಕೃತಿಕ ಚಟುವಟಿಕೆ ಎರಡರಲ್ಲೂ ಹೆಸರಿಡಿದು ಬರುತ್ತದೆ. ಆದರೆ ಪುರಸಭೆಗಳನ್ನು ನಡೆಸುವ 1964ರ ಕಾಯ್ದೆಯು ಕೆಲಸಗಳನ್ನು ಕಡ್ಡಾಯದವು, ವಿವೇಚನೆಗೆ ಬಿಟ್ಟವು ಎಂದು ವಿಂಗಡಿಸುತ್ತದೆ. ಬೀದಿ ದೀಪ, ಚರಂಡಿ, ಕಸ ವಿಲೇವಾರಿಗಳು ಕಡ್ಡಾಯದ ಪಾಲಿಗೆ ಬಂದ ಮೇಲೆ, ಹಣ ಉಳಿದರೆ ನೋಡೋಣ ಎಂಬ ಕಡೆಗೆ ಕಲೆ ಸರಿದು ನಿಲ್ಲುತ್ತದೆ. ನಮ್ಮಂಥ ಸಣ್ಣ ಪುರಸಭೆಗಳಲ್ಲಿ ಹಣ ಉಳಿದ ವರ್ಷವನ್ನು ನಾನಂತೂ ಕಂಡಿಲ್ಲ.

ಹಾಗೆಂದು ಖರ್ಚೇ ಆಗುವುದಿಲ್ಲ ಎಂದೂ ಅಲ್ಲ. ರಾಜ್ಯೋತ್ಸವದ ದಿನ ಧ್ವನಿವರ್ಧಕ, ಶಾಮಿಯಾನ, ಶಾಲು, ಹಾರ, ಪೇಟ, ಫಲಕ, ಹಣ್ಣಿನ ಬುಟ್ಟಿ ಎಲ್ಲಕ್ಕೂ ವೋಚರ್ ಆಗುತ್ತದೆ. ಐದಾರು ವರ್ಷಗಳಿಗೊಮ್ಮೆ ಯಾವುದೋ ಅನುದಾನದಲ್ಲಿ ಒಂದು ಕಟ್ಟಡವೂ ಎದ್ದು ನಿಲ್ಲುತ್ತದೆ. ಕಟ್ಟಡಕ್ಕೆ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ, ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಅವಕಾಶವಿದೆ. ಸುಟ್ಟುಹೋದ ದೀಪ ಬದಲಿಸುವುದಕ್ಕೆ ಇವು ಯಾವುವೂ ಇಲ್ಲ.

ನಮ್ಮ ಊರಿನ ರಂಗಮಂದಿರವನ್ನೇ ನೋಡಿ. ಊರಿನ ಹೆಸರು ಇಲ್ಲಿ ಬೇಡ. ಓದುವವರು ತಮ್ಮ ತಾಲ್ಲೂಕು ಕೇಂದ್ರದ ಹೆಸರನ್ನು ಹಾಕಿಕೊಂಡರೂ ನಡೆಯುತ್ತದೆ. ವೇದಿಕೆ ಸಿಮೆಂಟಿನದು, ಅಂಗೈಯಷ್ಟು ನುಣುಪು. ಪಾತ್ರಧಾರಿ ಓಡಿ ಬಂದು ನಿಂತರೆ ಜಾರುತ್ತಾನೆ. ಎರಡೂ ಬದಿಗೆ ವಿಂಗ್ ಕಟ್ಟಲು ಕೊಂಡಿಗಳಿಲ್ಲ, ಆದ್ದರಿಂದ ಮದುವೆ ಶಾಮಿಯಾನದವರಿಂದ ಗಳ ತಂದು ಹಗ್ಗ ಬಿಗಿದು ಪರದೆ ಇಳಿಬಿಡುತ್ತೇವೆ. ತ್ರೀ ಫೇಸ್ ಸಂಪರ್ಕವಿದೆ, ಆದರೆ ಫ್ಯೂಸ್ ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಪ್ರತಿ ಪ್ರದರ್ಶನದ ದಿನವೂ ಹೊಸದಾಗಿ ಪತ್ತೆ ಮಾಡಬೇಕು. ಬಣ್ಣದ ಕೋಣೆಯಲ್ಲಿ ಬ್ಲೀಚಿಂಗ್ ಪುಡಿಯ ಮೂಟೆಗಳನ್ನು ಒಟ್ಟಿರುತ್ತಾರೆ. ಕಳೆದ ವರ್ಷ ದ್ರೌಪದಿಯ ಪಾತ್ರಕ್ಕೆ ಕಾಡಿಗೆ ಹಚ್ಚಿಕೊಳ್ಳುತ್ತಿದ್ದ ಹುಡುಗಿಗೆ ಆ ಘಾಟಿಗೆ ಕಣ್ಣೀರು ಧಾರೆಯಾಗಿ ಸುರಿದು ಕಾಡಿಗೆಯೆಲ್ಲ ಕೆನ್ನೆಗಿಳಿಯಿತು. ವಸ್ತ್ರಾಪಹರಣದ ದೃಶ್ಯ ಅಂದು ಬಹಳ ಚೆನ್ನಾಗಿ ಬಂತೆಂದು ಮುಂದಿನ ಸಾಲಿನಲ್ಲಿದ್ದವರು ಹೊಗಳಿದರು. ಮದುವೆಗೂ ನಾಟಕಕ್ಕೂ ಬಾಡಿಗೆ ಒಂದೇ. ಟಿಕೆಟ್ ಇಟ್ಟು ಸಭಾಂಗಣ ಅರ್ಧ ತುಂಬಿದರೂ ಬಾಡಿಗೆ, ವಿದ್ಯುತ್ತು, ಶುಚಿತ್ವ ಶುಲ್ಕ ಕಳೆದು ಕೈಗೆ ಉಳಿಯುವುದು ಚಹಾದ ಖರ್ಚಿಗೂ ಸಾಲದು.

ಸ್ಥಳೀಯ ಆಡಳಿತಕ್ಕೂ ರಂಗಮಂದಿರಕ್ಕೂ ಇರುವ ನಂಟು ನಮಗೇನೂ ಹೊಸದಲ್ಲ. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಸ್ಮರಣೆಗೆ 1884ರಲ್ಲಿ ಅಡಿಪಾಯ ಕಂಡ ಪುರಭವನ ಇಂದು ಪಾಲಿಕೆಯ ಸುಪರ್ದಿಯಲ್ಲಿದೆ. ಬೆಂಗಳೂರಿನಲ್ಲಿ 1935ರಲ್ಲಿ ಬಾಗಿಲು ತೆರೆದ ಪುರಭವನಕ್ಕಿರುವುದು ಅಲ್ಲಿನ ಪುರಸಭೆಯ ಅಧ್ಯಕ್ಷರಾಗಿದ್ದ ಪುಟ್ಟಣ್ಣ ಚೆಟ್ಟಿಯವರ ಹೆಸರು. ನೆರೆಯ ಪುಣೆಯಲ್ಲಿ 1968ರಲ್ಲಿ ತೆರೆದ ಬಾಲಗಂಧರ್ವ ರಂಗಮಂದಿರ ಅಲ್ಲಿನ ಮಹಾನಗರ ಪಾಲಿಕೆಯದು. ಇವೆಲ್ಲ ದೊಡ್ಡ ಊರುಗಳ ಮಾತಾಯಿತು. 1949ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ಹುಟ್ಟಿದ ನೀನಾಸಮ್ 1985ರಿಂದ ತಿರುಗಾಟದ ನಾಟಕಗಳನ್ನು ಊರೂರಿಗೆ ಒಯ್ಯುತ್ತಾ ಬಂದಿದೆಯಲ್ಲ, ಅಂಥ ತಂಡದ ಲಾರಿ ಬಂದು ನಿಂತಾಗ ಪರದೆ ಕಟ್ಟಲು ಒಂದು ಯೋಗ್ಯ ಜಾಗ ಕೊಡುವುದು ಅದನ್ನು ಬರಮಾಡಿಕೊಳ್ಳುವ ಊರಿನ ಜವಾಬ್ದಾರಿ. ಬೆಂಗಳೂರಿನ ಇಲಾಖೆ ನಾಟಕಕ್ಕೆ ಧನಸಹಾಯ ಕೊಡಬಲ್ಲದು; ನಮ್ಮ ಊರಿನ ಫ್ಯೂಸ್ ಪೆಟ್ಟಿಗೆಯ ಬೀಗ ತೆಗೆಯಲಾರದು.

ಇಷ್ಟು ಹೇಳಿದ ಮೇಲೆ, ಪುರಸಭೆ ಕಲಾ ಸಂಘಗಳಿಗೆ ನೇರವಾಗಿ ಹಣ ಹಂಚಬೇಕು ಎಂದು ನಾನು ಕೇಳುತ್ತೇನೆಂದು ಭಾವಿಸಬೇಡಿ. ಈ ವಿಷಯದಲ್ಲಿ ತಂಡದ ಗೆಳೆಯರಿಗೂ ನನಗೂ ಜಗಳವಿದೆ. ನಗದು ಹಂಚಲು ತೊಡಗಿದ ದಿನವೇ ಯಾವ ವಾರ್ಡಿನ ಸದಸ್ಯರಿಗೆ ಯಾವ ಸಂಘ ಬೇಕಾದದ್ದು ಎಂಬ ಲೆಕ್ಕ ಶುರುವಾಗುತ್ತದೆ. ನಾಟಕವೇ ಆಡದ ಸಂಘಗಳು ಲೆಟರ್‌ಹೆಡ್ಡಿನಲ್ಲಿ ಜನ್ಮ ತಾಳುತ್ತವೆ. ವರ್ಷದ ಕೊನೆಗೆ ಲೆಕ್ಕಪರಿಶೋಧಕರು ಆಕ್ಷೇಪಣೆ ಬರೆದರೆ, ಮುಂದಿನ ವರ್ಷ ಆ ಬಾಬತ್ತನ್ನೇ ಮುಚ್ಚುತ್ತಾರೆ. ಮೇಲಾಗಿ, ಊರಿನ ಕಸದ ರಾಶಿಯನ್ನು ಗೇಲಿ ಮಾಡುವ ಪ್ರಹಸನವನ್ನು ಪುರಸಭೆಯ ಚೆಕ್ಕು ಪಡೆದು ಆಡುವುದು ಕಷ್ಟ. ಸುಸ್ಥಿತಿಯಲ್ಲಿರುವ ಒಂದು ವೇದಿಕೆ, ಕಡಿಮೆ ಬಾಡಿಗೆಗೆ, ಮೊದಲು ಕೇಳಿದವರಿಗೆ ಮೊದಲು ಎಂಬ ಕ್ರಮದಲ್ಲಿ ಸಿಗುವುದಾದರೆ, ಅದು ಬಂದವರ ಜಾತಿಯನ್ನೂ ಪಕ್ಷವನ್ನೂ ಕೇಳುವುದಿಲ್ಲ.

ಕುಡಿಯುವ ನೀರಿಗೇ ಪರದಾಟವಿರುವಾಗ ನಾಟಕ ಯಾಕೆ ಎಂಬ ಮಾತು ಸಭೆಯಲ್ಲಿ ಬಂದೇ ಬರುತ್ತದೆ. ನೀರು ಮೊದಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನೀರಿನ ಬಾಬತ್ತಿನಿಂದ ಕಿತ್ತು ಕೊಡಿ ಎಂದು ನಾವು ಕೇಳುತ್ತಿಲ್ಲ. ರಾಜ್ಯೋತ್ಸವದ ಹಾರ ತುರಾಯಿಗಳ ಖರ್ಚನ್ನು ಅರ್ಧಕ್ಕೆ ಇಳಿಸಿದರೂ ನಮ್ಮ ರಂಗಮಂದಿರಕ್ಕೆ ವರ್ಷಪೂರ್ತಿ ಒಬ್ಬ ಕಾವಲುಗಾರನ ಸಂಬಳದಲ್ಲಿ ದೊಡ್ಡ ಪಾಲು ಹುಟ್ಟುತ್ತದೆ ಎಂಬುದು ನನ್ನ ಅಂದಾಜು.

ಮುಂದಿನ ವರ್ಷದ ಆಯವ್ಯಯಕ್ಕೆ ಮುನ್ನ ಸಾರ್ವಜನಿಕರ ಸಲಹೆ ಕೇಳಲು ಪೂರ್ವಭಾವಿ ಸಭೆ ಕರೆಯುತ್ತಾರೆ. ಕಳೆದ ಸಲ ನಮ್ಮಲ್ಲಿ ಯಾರೂ ಹೋಗಿರಲಿಲ್ಲ. ಅಂದು ಬಂದವರು ತಮ್ಮ ಬೀದಿಯ ಚರಂಡಿ ಬರೆಸಿಕೊಂಡು ಹೋದರು, ಅವರದೇನೂ ತಪ್ಪಿಲ್ಲ. ಈ ಸಲ ನಾವು ಸಭೆಯ ದಿನಕ್ಕೆ ಕಾಯದೆ ಮೊದಲೇ ಮನವಿ ಬರೆದು ಕೊಟ್ಟಿದ್ದೇವೆ: ನಾಟಕ, ಸಂಗೀತಗಳಿಗೆ ಮದುವೆಯ ದರದಲ್ಲಿ ಕಾಲು ಭಾಗದ ಬಾಡಿಗೆ, ರಂಗಮಂದಿರದ ದುರಸ್ತಿಗೆಂದೇ ಆಯವ್ಯಯದಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆ, ಮತ್ತು ಬ್ಲೀಚಿಂಗ್ ಪುಡಿಗೆ ಬೇರೆ ಕೋಣೆ. ಮೊದಲ ಎರಡನ್ನು ಸಾಮಾನ್ಯ ಸಭೆಯ ಮುಂದೆ ಇಡಬೇಕಾಗುತ್ತದೆ ಎಂದ ಮುಖ್ಯಾಧಿಕಾರಿಗಳು, ಮೂರನೆಯದನ್ನು ಓದಿ ಆರೋಗ್ಯ ನಿರೀಕ್ಷಕರನ್ನು ಆಗಲೇ ಕರೆಸಿದರು.